ಹಾಡಿನ ಮಾತು ಕೇಳಿಸುತ್ತಿಲ್ಲವೇ? ಭಾವಗೀತೆ ಮಿಕ್ಸಿಂಗ್‌ನಲ್ಲಿ ಈಕ್ಯೂ ದೋಷ ಹುಡುಕುವ ಬಗೆ

ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡಿ, ಮನೆಯಲ್ಲೇ ಮಿಕ್ಸ್ ಮಾಡುವವರಿಂದ ಹೆಚ್ಚಾಗಿ ಬರುವ ದೂರು ಒಂದೇ. "ಒಂದೊಂದೇ ಟ್ರ್ಯಾಕ್ ಕೇಳಿದರೆ ಚೆನ್ನಾಗಿದೆ. ಎಲ್ಲ ಒಟ್ಟಿಗೆ ಹಾಕಿದರೆ ಮಾತೇ ಗೊತ್ತಾಗಲ್ಲ." ಭಾವಗೀತೆಯಲ್ಲಿ ಕವಿತೆ ಮೊದಲು, ರಾಗ ಆಮೇಲೆ. ಅಲ್ಲಿ ಮಾತು ತಿಳಿಯದಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಮಿಕ್ಸ್ ಮುಗಿದಿಲ್ಲ ಅಂತಲೇ ನನ್ನ ಲೆಕ್ಕ. ಹಾಗಾಗಿ ಒಂದೊಂದು ವಾದ್ಯದ ಈಕ್ಯೂ (ಈಕ್ವಲೈಜರ್, ಅಂದರೆ ಬೇಕಾದ ಕಂಪನಗಳನ್ನಷ್ಟೇ ಏರಿಸುವ, ತಗ್ಗಿಸುವ ಸಾಧನ) ನೋಡುವಾಗಲೂ ಇಲ್ಲಿ ಮಾತನ್ನೇ ಮುಂದಿಟ್ಟುಕೊಂಡು ಹೋಗುತ್ತೇನೆ.

ಉದಾಹರಣೆಗೆ ಒಂದು ಸಾಮಾನ್ಯ ತಂಡ ಇಟ್ಟುಕೊಳ್ಳೋಣ. ಗಂಡು ದನಿ, ಕಪ್ಪು ಒಂದು (ಸಿ ಶಾರ್ಪ್) ಶ್ರುತಿ. ತಬಲಾ, ಅದರ ಜೋಡಿಯಾಗಿ ಎಡಗೈಯಲ್ಲಿ ನುಡಿಸುವ ತಗ್ಗು ನಾದದ ಡಗ್ಗಾ. ಕೊಳಲು, ಹಾರ್ಮೋನಿಯಂ, ಅಕೂಸ್ಟಿಕ್ ಗಿಟಾರ್. ಹಿಂದೆ ಕೀಬೋರ್ಡಿನ ಸ್ಟ್ರಿಂಗ್ಸ್, ಎಲೆಕ್ಟ್ರಾನಿಕ್ ತಂಬೂರಿ. ರೀಪರ್, ಕ್ಯೂಬೇಸ್, ಲಾಜಿಕ್, ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ಜೊತೆಗೇ ಬರುವ ಈಕ್ಯೂ ಸಾಕು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಕೇಳಿಸದ ವಾದ್ಯದಲ್ಲೇ ದೋಷ ಇರುವುದು ಅಪರೂಪ. ಸಾಮಾನ್ಯವಾಗಿ ಅದರ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ. ನಮ್ಮ ಕಿವಿ ಇರುವುದೇ ಹಾಗೆ. ಹತ್ತಿರ ಹತ್ತಿರದ ಎರಡು ಕಂಪನಗಳು ಒಟ್ಟಿಗೆ ಬಂದರೆ ಜೋರಾದದ್ದು ಮೆತ್ತಗಿನದನ್ನು ಮುಚ್ಚಿಬಿಡುತ್ತದೆ. ಅದರಲ್ಲೂ ಕೆಳಗಿನ ಶಬ್ದ ಮೇಲಿನದನ್ನು ಸುಲಭವಾಗಿ ಮುಚ್ಚುತ್ತದೆ. ಮೇಲಿನದು ಕೆಳಗಿನದನ್ನು ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ. ಮಿಕ್ಸಿಂಗ್ ಮಾಡುವವರು ಇದನ್ನು ಮಾಸ್ಕಿಂಗ್ ಅನ್ನುತ್ತಾರೆ. ಮುಚ್ಚಿಹೋದ ವಾದ್ಯವನ್ನು ಏರಿಸಿದರೆ ಅದು ಇನ್ನೊಂದನ್ನು ಮುಚ್ಚುತ್ತದೆ. ಅದನ್ನೂ ಏರಿಸುತ್ತೀರಿ. ಹೀಗೇ ಏರಿಸುತ್ತಾ ಹೋಗಿ ಕೊನೆಗೆ ಮಾಸ್ಟರ್ ಕೆಂಪಾಗುತ್ತದೆ, ಮಾತು ಮಾತ್ರ ಇದ್ದಲ್ಲೇ ಇರುತ್ತದೆ.

ಗುಂಡಿ ಮುಟ್ಟುವ ಮುಂಚೆ

ಎಲ್ಲ ಈಕ್ಯೂಗಳನ್ನೂ ಬೈಪಾಸ್ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ. ರಿವರ್ಬ್ (ದೊಡ್ಡ ಕೋಣೆಯ ಮೊಳಗಿನಂಥ ಪರಿಣಾಮ) ಕೂಡ ತೆಗೆಯಿರಿ. ಬರೀ ಫೇಡರ್‌ಗಳಿಂದ (ಟ್ರ್ಯಾಕಿನ ವಾಲ್ಯೂಮ್ ಪಟ್ಟಿಗಳಿಂದ) ಒಂದು ಸಮತೋಲ ತನ್ನಿ. ಅರ್ಧ ದೂರುಗಳು ಇಲ್ಲೇ ಬಗೆಹರಿಯುತ್ತವೆ, ಯಾಕೆಂದರೆ ಅವು ಈಕ್ಯೂ ದೋಷಗಳೇ ಅಲ್ಲ. ಸ್ಟ್ರಿಂಗ್ಸ್ ಸುಮ್ನೆ ಜಾಸ್ತಿ ಇರುತ್ತದೆ, ಅಷ್ಟೇ.

ಇನ್ನು ಕೇಳುವ ವಾಲ್ಯೂಮ್. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ ವಿಷಯ ಇದು: ಶಬ್ದ ಮೆತ್ತಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಕಂಪನಗಳು ಸರಿಯಾಗಿ ಕೇಳಿಸುವುದಿಲ್ಲ. ಜೋರಾದಂತೆ ಅವು ತುಂಬಿಕೊಳ್ಳುತ್ತವೆ. ಅಂದರೆ ಬೆಳಿಗ್ಗೆ ಜೋರಾಗಿ, ರಾತ್ರಿ ಮೆಲ್ಲಗೆ ಕೇಳಿದರೆ ಅದೇ ಡಗ್ಗಾ ಬೇರೆ ಬೇರೆ ಥರ ಕಾಣುತ್ತದೆ. ಪಕ್ಕದಲ್ಲಿರುವವರ ಜೊತೆ ದನಿ ಎತ್ತರಿಸದೆ ಮಾತಾಡಲು ಆಗುವಷ್ಟು ವಾಲ್ಯೂಮ್ ಇಟ್ಟುಕೊಳ್ಳಿ. ಸ್ಪೀಕರಿನ ಗುಂಡಿಯ ಮೇಲೆ ಒಂದು ಗುರುತು ಹಾಕಿ, ದೋಷ ಹುಡುಕುವಷ್ಟು ಹೊತ್ತೂ ಅಲ್ಲಿಂದ ಅಲುಗಿಸಬೇಡಿ.

ಇದಕ್ಕೆ ಸೇರಿದ್ದೇ ಇನ್ನೊಂದು. ಈಕ್ಯೂನಲ್ಲಿ ಏನನ್ನಾದರೂ ಏರಿಸಿದರೆ ಟ್ರ್ಯಾಕ್ ಒಟ್ಟಾರೆ ಜೋರಾಗುತ್ತದೆ, ಜೋರಾದದ್ದು ಕಿವಿಗೆ ಚಂದ ಅನ್ನಿಸುತ್ತದೆ. ಆಮೇಲೆ ಬೈಪಾಸ್ ಮಾಡಿ ನೋಡಿದರೆ "ಆಹಾ, ಈಕ್ಯೂ ಹಾಕಿದ್ದೇ ವಾಸಿ" ಅನ್ನಿಸುವುದು ಆ ಜೋರಿಗೆ. ಏರಿಸಿದಷ್ಟು ಔಟ್‌ಪುಟ್ ಗೇನ್ ಇಳಿಸಿ, ಎರಡೂ ಒಂದೇ ಮಟ್ಟದಲ್ಲಿ ಕೇಳುವಂತೆ ಮಾಡಿ. ಆಮೇಲೆ ತೀರ್ಮಾನಿಸಿ.

ಮೊದಲ ಪರೀಕ್ಷೆ: ಸೋಲೋ ಬೇಡ, ಮ್ಯೂಟ್ ಮಾಡಿ

ಸೋಲೋ ಗುಂಡಿ ಒತ್ತಿ ಒಂದೊಂದೇ ವಾದ್ಯವನ್ನು ಚಂದ ಮಾಡುವುದೇ ಈ ದೂರಿನ ಮೂಲ. ಸೋಲೋದಲ್ಲಿ ಗಿಟಾರ್ ತುಂಬಿಕೊಂಡಿರಬೇಕು ಅನ್ನಿಸುತ್ತದೆ. ಹಾರ್ಮೋನಿಯಂ ತುಂಬಿಕೊಂಡಿರಬೇಕು. ದನಿಯೂ ತುಂಬಿಕೊಂಡಿರಬೇಕು. ಮೂರನ್ನೂ 200 ಹರ್ಟ್ಜ್ ಹತ್ತಿರ ಏರಿಸಿರುತ್ತೀರಿ. ಒಟ್ಟಿಗೆ ಹಾಕಿದಾಗ ಗೊಂದಲ ಆಗದೆ ಇನ್ನೇನಾಗುತ್ತದೆ?

ಇದನ್ನು ತಿರುಗಿಸಿ ಮಾಡಿ. ಎಲ್ಲ ಟ್ರ್ಯಾಕ್‌ಗಳೂ ಓಡುತ್ತಿರಲಿ. ಮಾತು ಮುಚ್ಚಿಹೋದ ಒಂದು ಸಾಲನ್ನು ಆರಿಸಿ ಲೂಪ್ ಹಾಕಿ. ಆಮೇಲೆ ಒಂದೊಂದೇ ವಾದ್ಯವನ್ನು ಮ್ಯೂಟ್ ಮಾಡುತ್ತಾ, ಮತ್ತೆ ಬಿಡುತ್ತಾ ಹೋಗಿ. ಯಾವ ವಾದ್ಯ ನಿಂತಾಗ ಮಾತು ಥಟ್ಟನೆ ಬಿಡಿಸಿಕೊಳ್ಳುತ್ತದೋ ಅಲ್ಲಿ ಕೆಲಸ ಇದೆ. ಎರಡು ವಾದ್ಯ ಸೇರಿ ಮುಚ್ಚುತ್ತಿರುವುದೂ ಉಂಟು. ಆಗ ಒಂದನ್ನು ಮ್ಯೂಟ್ ಮಾಡಿದರೆ ಹೆಚ್ಚೇನೂ ಬದಲಾಗುವುದಿಲ್ಲ, ಜೋಡಿಯಾಗಿ ಮ್ಯೂಟ್ ಮಾಡಿ ನೋಡಬೇಕು. ಹಾರ್ಮೋನಿಯಂ ಮತ್ತು ಸ್ಟ್ರಿಂಗ್ಸ್ ಹೀಗೆ ಸೇರಿಕೊಳ್ಳುವುದು ಜಾಸ್ತಿ.

ಈ ಪರೀಕ್ಷೆಯನ್ನು ಮೋನೋದಲ್ಲಿ ಮಾಡಿ. ಸ್ಟೀರಿಯೋದಲ್ಲಿ ಎಡ ಬಲಕ್ಕೆ ಹರಡಿದ ವಾದ್ಯಗಳು ಬೇರೆ ಬೇರೆ ಕೇಳಿಸಿ ದೋಷವನ್ನು ಮರೆಮಾಚುತ್ತವೆ. ಮೋನೋದಲ್ಲಿ ಅಡಗುವ ಜಾಗ ಇಲ್ಲ.

ದೂರು: ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ

ಇದನ್ನು ಪರೀಕ್ಷಿಸಲು ನೀವು ಸರಿಯಾದ ಮನುಷ್ಯ ಅಲ್ಲ. ಸಾಹಿತ್ಯ ನಿಮಗೆ ಬಾಯಿಪಾಠ. ಕೇಳಿಸದ ಅಕ್ಷರವನ್ನೂ ಮನಸ್ಸು ತುಂಬಿಸಿಕೊಂಡುಬಿಡುತ್ತದೆ. ಆ ಕವಿತೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಕೇಳಿಸಿದಂತೆ ಬರೆದುಕೊಳ್ಳಲು ಹೇಳಿ. ಅವರು ಎಲ್ಲಿ ತಪ್ಪು ಬರೆಯುತ್ತಾರೆ ಅನ್ನುವುದೇ ನಿಮಗೆ ನಕ್ಷೆ.

ತಪ್ಪುಗಳನ್ನು ಹೀಗೆ ಓದಿ. ಸ್ವರಾಕ್ಷರಗಳ ಬಲ ಹೆಚ್ಚಾಗಿ ಕೆಳಗೆ, 300ರಿಂದ 2000 ಹರ್ಟ್ಜ್ ಒಳಗೆ ಇರುತ್ತದೆ. ವ್ಯಂಜನಗಳ ಗುರುತು ಅದಕ್ಕಿಂತ ಮೇಲೆ. ಕನ್ನಡದಲ್ಲಿ ಒಂದು ವಿಶೇಷ ಇದೆ. ಲ ಮತ್ತು ಳ, ನ ಮತ್ತು ಣ ನಮಗೆ ಬೇರೆ ಬೇರೆ. ನಾಲಿಗೆ ಮಡಿಸಿ ಳ, ಣ ಹೇಳಿದಾಗ ದನಿಯೊಳಗಿನ ಒಂದು ಅನುರಣನ ಕೆಳಗಿಳಿಯುತ್ತದೆ. ಆ ಬದಲಾವಣೆ ಹೆಚ್ಚುಕಡಿಮೆ 2000ದಿಂದ 3000 ಹರ್ಟ್ಜ್ ಸುತ್ತ ನಡೆಯುತ್ತದೆ. ಅಲ್ಲಿ ಬೇರೆ ವಾದ್ಯ ತುಂಬಿದ್ದರೆ "ಮಳೆ" ಮತ್ತು "ಮಲೆ" ಒಂದೇ ಆಗುತ್ತವೆ. "ಬಣ್ಣ" "ಬನ್ನ" ಆಗುತ್ತದೆ. ಕೇಳಿದವರು ಇಂಥ ತಪ್ಪು ಬರೆದಿದ್ದರೆ ದೋಷ ಆ ಜಾಗದಲ್ಲಿದೆ ಎಂದು ಗಟ್ಟಿಯಾಗಿ ಹೇಳಬಹುದು. ಪ, ಬ, ತ, ದ ಇಂಥವು ಅದಲುಬದಲಾದರೆ ಇನ್ನೂ ಅಗಲವಾಗಿ, 1500ರಿಂದ 5000 ತನಕ ನೋಡಬೇಕು. ಇಡೀ ಪದವೇ ಮಸುಕಾಗಿ "ಏನೋ ಊ ಊ ಅಂದಂಗೆ" ಕೇಳಿಸಿದರೆ ತೊಂದರೆ ಕೆಳಗಿದೆ, 200ರಿಂದ 500ರ ಗುಂಪಿನಲ್ಲಿ.

ಈಗ ಅಪರಾಧಿ ಯಾರು? ಹತ್ತರಲ್ಲಿ ಏಳೆಂಟು ಸಲ ಕೀಬೋರ್ಡಿನ ಸ್ಟ್ರಿಂಗ್ಸ್. ಆ ದನಿಯನ್ನು ಒಂಟಿಯಾಗಿ ಕೇಳಿದರೂ ತುಂಬಿ ತುಳುಕುವಂತೆ ಮಾಡಿಟ್ಟಿರುತ್ತಾರೆ. 100ರಿಂದ 10,000 ಹರ್ಟ್ಜ್ ತನಕ ಎಲ್ಲ ಕಡೆ ಹರಡಿಕೊಂಡಿರುತ್ತದೆ. ನಿಲ್ಲದೆ ಬಾರಿಸುವುದರಿಂದ ಮಾತಿಗೆ ಉಸಿರಾಡಲು ಸಂದೇ ಸಿಗುವುದಿಲ್ಲ. ಇದಕ್ಕೆ 200 ಹರ್ಟ್ಜ್‌ನಲ್ಲಿ ಹೈಪಾಸ್ ಫಿಲ್ಟರ್ (ಅದರ ಕೆಳಗಿನದನ್ನು ಕತ್ತರಿಸಿ ಮೇಲಿನದನ್ನು ಬಿಡುವ ಜರಡಿ) ಹಾಕಿ. ಆಮೇಲೆ 2500ರ ಸುತ್ತ ಅಗಲವಾಗಿ 3 ಡೆಸಿಬಲ್ ತಗ್ಗಿಸಿ. ಸೋಲೋದಲ್ಲಿ ಕೇಳಿದರೆ ಸ್ಟ್ರಿಂಗ್ಸ್ ಬಡಕಲಾಗಿದೆ ಅನ್ನಿಸುತ್ತದೆ. ಅನ್ನಿಸಲಿ. ಒಟ್ಟಿಗೆ ಕೇಳುವವರಿಗೆ ಅದು ಬಡಕಲು ಅಂತ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಆ ಜಾಗವನ್ನು ಈಗ ದನಿ ತುಂಬಿರುತ್ತದೆ.

ಎರಡನೆಯ ಅನುಮಾನ ಹಾರ್ಮೋನಿಯಂ ಮೇಲೆ. ಗಾಯಕ ಹಾಡಿದ ಸ್ವರವನ್ನೇ, ಅದೇ ಸ್ಥಾಯಿಯಲ್ಲಿ ನುಡಿಸುತ್ತಾ ಹೋಗುತ್ತದೆ ಅಲ್ವಾ? ದನಿಯ ಪ್ರತಿಯೊಂದು ಕಂಪನದ ಮೇಲೂ ರೀಡಿನ ಕಂಪನ ಬಂದು ಕೂರುತ್ತದೆ. 1000ದಿಂದ 2500 ತನಕ ಅಗಲವಾಗಿ 3–4 ಡೆಸಿಬಲ್ ಇಳಿಸಿದರೆ ಸ್ವಲ್ಪ ನೆಮ್ಮದಿ. ಆದರೆ ಸರಿಯಾದ ಔಷಧ ನುಡಿಸುವವರ ಕೈಯಲ್ಲಿದೆ. ಸಾಲು ಹಾಡುವಾಗ ಬರೀ ಆಧಾರ ಸ್ವರ ಹಿಡಿದು, ಸಾಲು ಮುಗಿದ ಮೇಲೆ ತುಂಬಿಸಿದರೆ ಈಕ್ಯೂ ಬೇಕೇ ಆಗುವುದಿಲ್ಲ. ಇನ್ನೊಂದು ಟೇಕ್ ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ಆದ ಮೇಲೆ ದನಿಯ ಟ್ರ್ಯಾಕಿಗೆ ಬನ್ನಿ. ಮೈಕಿಗೆ ತೀರ ಹತ್ತಿರ ಹಾಡಿದರೆ ಕಾರ್ಡಿಯಾಯ್ಡ್ (ಮುಂದಿನ ಶಬ್ದವನ್ನೇ ಹೆಚ್ಚು ಹಿಡಿಯುವ) ಮೈಕುಗಳಲ್ಲಿ ತಗ್ಗಿನ ಭಾಗ ಉಬ್ಬುತ್ತದೆ. ಗೇಣಿಗಿಂತ ಹತ್ತಿರ ಬಂದಷ್ಟೂ ಇದು ಜಾಸ್ತಿ. 150ರಿಂದ 300ರ ನಡುವೆ 2–3 ಡೆಸಿಬಲ್ ತಗ್ಗಿಸಿ. ಅಷ್ಟಕ್ಕೂ ಮಾತು ಮುಂದೆ ಬಾರದಿದ್ದರೆ ಮಾತ್ರ 3000ದ ಹತ್ತಿರ ಒಂದೂವರೆ ಡೆಸಿಬಲ್ ಏರಿಸಿ. ಅದಕ್ಕಿಂತ ಜಾಸ್ತಿ ಬೇಕಾಗುತ್ತಿದೆ ಅಂದರೆ ಇನ್ನೂ ಯಾರೋ ಮುಚ್ಚುತ್ತಿದ್ದಾರೆ ಅಂತ ಅರ್ಥ. ಮತ್ತೆ ಮ್ಯೂಟ್ ಪರೀಕ್ಷೆಗೆ ಹೋಗಿ.

ಹಾಡು ಇಲ್ಲದ ಕಡೆ ಸ್ಟ್ರಿಂಗ್ಸ್ ತುಂಬಿಕೊಂಡೇ ಇರಬೇಕು ಅನ್ನುವವರು ಡೈನಾಮಿಕ್ ಈಕ್ಯೂ (ಬೇಕಾದಾಗ ಮಾತ್ರ ಕೆಲಸ ಮಾಡುವ ಈಕ್ಯೂ) ಬಳಸಿ. ದನಿ ಬಂದಾಗ ಮಾತ್ರ 2500ರಲ್ಲಿ ತಗ್ಗುವಂತೆ ಸೈಡ್‌ಚೈನ್ ಕೊಡಬಹುದು, ಅಂದರೆ ದನಿಯ ಟ್ರ್ಯಾಕಿನಿಂದ ಆ ಈಕ್ಯೂವನ್ನು ನಡೆಸಬಹುದು. ಟಿಡಿಆರ್ ನೋವಾ ಅನ್ನುವ ಪ್ಲಗಿನ್ ಉಚಿತವಾಗಿಯೇ ಸಿಗುತ್ತದೆ, ಈ ಕೆಲಸಕ್ಕೆ ಸಾಕು.

ದೂರು: ಕೆಳಗಡೆ ಎಲ್ಲ ಕಲಸಿಹೋಗಿದೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ತುಂಬಾ ಅನುಕೂಲ. ಕಪ್ಪು ಒಂದರ ಷಡ್ಜ, ಗಂಡು ದನಿಗೆ, ಸುಮಾರು 138.6 ಹರ್ಟ್ಜ್. ಮಂದ್ರ ಪಂಚಮ ಅದರ ಮುಕ್ಕಾಲು, ಅಂದರೆ 104. ಭಾವಗೀತೆಯಲ್ಲಿ ಅದಕ್ಕಿಂತ ಕೆಳಗೆ ಇಳಿಯುವುದು ಕಡಿಮೆ. ಹಾಗಾದರೆ ದನಿಯ ಟ್ರ್ಯಾಕಿನಲ್ಲಿ 80ರ ಕೆಳಗೆ ಇರುವುದೇನು? ಫ್ಯಾನಿನ ಗಾಳಿ, ರಸ್ತೆಯಲ್ಲಿ ಹೋದ ಲಾರಿ, ಸ್ಟ್ಯಾಂಡಿಗೆ ತಗುಲಿದ ಕಾಲು. ಭ, ಘ, ಧ ಹೇಳುವಾಗ ಮೈಕಿಗೆ ಬಡಿದ ಉಸಿರು. ಇದ್ಯಾವುದೂ ಹಾಡಲ್ಲ. 80ರಲ್ಲಿ ಹೈಪಾಸ್ ಹಾಕಿದರೆ ಹಾಡಿಗೆ ಏನೂ ಆಗುವುದಿಲ್ಲ. ಹಾಡುವವರು ಹೆಂಗಸರಾಗಿ ಶ್ರುತಿ ಕಪ್ಪು ಮೂರು ಆಗಿದ್ದರೆ ಷಡ್ಜ 185, ಮಂದ್ರ ಪಂಚಮ 139 ಹತ್ತಿರ. ಅಲ್ಲಿ 110 ತನಕ ಧೈರ್ಯವಾಗಿ ಹೋಗಬಹುದು. ಪ್ರತಿ ಹಾಡಿಗೂ ಶ್ರುತಿ ನೋಡಿ ಈ ಲೆಕ್ಕ ಹಾಕಿ. "ದನಿಗೆ 100ರಲ್ಲಿ ಕತ್ತರಿಸಿ" ಅಂತ ಎಲ್ಲೋ ಓದಿದ್ದನ್ನು ಹಾಗೇ ಹಾಕಿದರೆ ಕಪ್ಪು ಒಂದರ ಮಂದ್ರ ಪಂಚಮ ಸೊರಗುತ್ತದೆ. ಫಿಲ್ಟರಿನ ಇಳಿಜಾರು ಒಂದು ಸ್ಥಾಯಿಗೆ 12 ಡೆಸಿಬಲ್ ಇದ್ದರೆ ಸಾಕು.

ಗಿಟಾರಿನ ದಪ್ಪ ತಂತಿ 82 ಹರ್ಟ್ಜ್‌ನಿಂದ ಶುರು. ಡಗ್ಗಾದ ಮೂಲ ನಾದ ಹೆಚ್ಚುಕಡಿಮೆ 60ರಿಂದ 120ರ ನಡುವೆ ಓಡಾಡುತ್ತದೆ. ಇಬ್ಬರೂ ಅಲ್ಲೇ ಇದ್ದಾರೆ. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು, ಡಗ್ಗಾ ಇದ್ದರೆ ನಾನು ಡಗ್ಗಾವನ್ನೇ ಆರಿಸುತ್ತೇನೆ. ಹಾಡಿನ ನಡಿಗೆ ಅದರ ಮೇಲೆ ನಿಂತಿದೆ. ಗಿಟಾರಿಗೆ 130–150ರಲ್ಲಿ ಹೈಪಾಸ್. ಅದರ ಪಾತ್ರ ಮೀಟಿನ ಸದ್ದು, ಕಾರ್ಡಿನ ಮೇಲ್ಭಾಗ. ಅದು ಉಳಿಯುತ್ತದೆ.

ಡಗ್ಗಾದ್ದೇ ಗುಂಯ್ ಅನ್ನುವ ಸದ್ದು ಜಾಸ್ತಿಯಾಗಿದ್ದರೆ ಕಿರಿದಾದ ಕಡಿತ ಕೆಲಸಕ್ಕೆ ಬರುವುದಿಲ್ಲ. ಮುಂಗೈ ಒತ್ತಿ ಎಳೆದಾಗ ಡಗ್ಗಾದ ನಾದ ಜಾರುತ್ತದೆ. ನೀವು 90ರಲ್ಲಿ ಕತ್ತರಿಸಿದರೆ ನಾದ ಅಲ್ಲಿಂದ ಜಾರಿ 110ಕ್ಕೆ ಹೋಗಿರುತ್ತದೆ. ಒಂದು ಗುಮಕಿ ಮಾಯ, ಇನ್ನೊಂದು ಹಾಗೇ. ನುಡಿಸಿದವರ ಕೈಚಳಕ ಹಾಳು. ಇಲ್ಲಿ 70ರಿಂದ 130 ತನಕ ಅಗಲವಾಗಿ 2–3 ಡೆಸಿಬಲ್ ತಗ್ಗಿಸಿ. ಇಲ್ಲವೇ ಅದೇ ಜಾಗದಲ್ಲಿ ಮಿತಿ ಮೀರಿದಾಗ ಮಾತ್ರ ಹಿಡಿಯುವ ಡೈನಾಮಿಕ್ ಈಕ್ಯೂ ಹಾಕಿ.

ಈ ಅಗಲದ ಗುಂಡಿ ಬಗ್ಗೆ ಒಂದು ಮಾತು. ಜಾರ್ಜ್ ಮ್ಯಾಸೆನ್‌ಬರ್ಗ್ 1972ರಲ್ಲಿ ಪ್ಯಾರಾಮೆಟ್ರಿಕ್ ಈಕ್ವಲೈಜರ್ ಕುರಿತು ಪ್ರಬಂಧ ಮಂಡಿಸಿದರು. ಎಲ್ಲಿ, ಎಷ್ಟು, ಎಷ್ಟು ಅಗಲ ಅನ್ನುವ ಮೂರನ್ನೂ ಬೇರೆ ಬೇರೆ ಗುಂಡಿಯಲ್ಲಿ ತಿರುಗಿಸುವ ಅನುಕೂಲ ನಮಗೆ ಸಿಕ್ಕಿದ್ದು ಆ ವಿನ್ಯಾಸದಿಂದ. ಮೊದಲೆರಡನ್ನು ಎಲ್ಲರೂ ತಿರುಗಿಸುತ್ತಾರೆ. ಮೂರನೆಯದನ್ನು ಬಂದ ಹಾಗೇ ಬಿಡುತ್ತಾರೆ. ಒಂದೇ ಜಾಗದಲ್ಲಿ ನಿಂತು ಕಾಡುವ ಸದ್ದಿಗೆ ಕಿರಿದು, ಒಂದು ವಾದ್ಯದ ಸ್ವಭಾವ ಬದಲಿಸಲು ಅಗಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಅನುಮಾನ ಉಳಿಯಿತು: ನಿಮ್ಮ ಕೋಣೆ. ಹತ್ತು ಅಡಿಗೆ ಹತ್ತು ಅಡಿ ಕೋಣೆಯಲ್ಲಿ ಕೂತಿದ್ದರೆ ಎದುರುಬದುರು ಗೋಡೆಗಳ ನಡುವೆ 56 ಹರ್ಟ್ಜ್ ಸುತ್ತ, ಮತ್ತೆ 112ರ ಸುತ್ತ ಶಬ್ದ ನಿಂತುಕೊಳ್ಳುತ್ತದೆ. ಉದ್ದ ಅಗಲ ಎರಡೂ ಒಂದೇ ಆಗಿರುವುದರಿಂದ ಅದು ಇನ್ನೂ ಬಲ. ಕೋಣೆಯ ಒಂದು ಕಡೆ ಕೂತರೆ ಡಗ್ಗಾ ಉಬ್ಬುತ್ತದೆ, ಎರಡು ಅಡಿ ಸರಿದರೆ ಕಾಣೆಯಾಗುತ್ತದೆ. ಇದು ಟ್ರ್ಯಾಕಿನ ದೋಷ ಅಲ್ಲವೇ ಅಲ್ಲ. ಪತ್ತೆ ಸುಲಭ. ಹಾಡು ಓಡುತ್ತಿರುವಾಗ ಎದ್ದು ಕೋಣೆಯಲ್ಲಿ ನಿಧಾನವಾಗಿ ನಡೆದಾಡಿ. ಜಾಗ ಬದಲಾದಂತೆ ಗುಂಯ್ ಬದಲಾದರೆ ಅದು ಗೋಡೆಗಳ ಕೆಲಸ. ಹೆಡ್‌ಫೋನಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಕೋಣೆಯ ತಪ್ಪಿಗೆ ಡಗ್ಗಾವನ್ನು ಕತ್ತರಿಸಿದರೆ ಬೇರೆಯವರ ಮನೆಯಲ್ಲಿ ಹಾಡು ತೆಳ್ಳಗೆ ಕೇಳಿಸುತ್ತದೆ.

ದೂರು: ತಬಲಾ ಸತ್ತಂತಿದೆ

ಇದು ಹೆಚ್ಚಾಗಿ ಈಕ್ಯೂ ಹಾಕಿದ್ದರಿಂದಲೇ ಬಂದ ದೋಷ. ತಬಲಾ ಟ್ರ್ಯಾಕಿನಲ್ಲಿ ಒಂದು ನಾದ ನಿಂತು ಮೊಳಗುತ್ತಿರುತ್ತದೆ. ಕಂಪನಗಳ ಬಲವನ್ನು ಗೆರೆಯಾಗಿ ತೋರಿಸುವ ಅನಲೈಜರಿನಲ್ಲಿ ಚೂಪಾದ ಶಿಖರ ಕಾಣುತ್ತದೆ. ಡ್ರಮ್ ಮಿಕ್ಸಿಂಗ್ ಪಾಠಗಳಲ್ಲಿ "ರಿಂಗ್ ಕಂಡರೆ ಕತ್ತರಿಸಿ" ಅಂದಿರುತ್ತಾರೆ. ಕತ್ತರಿಸುತ್ತೀರಿ. ತಬಲಾದ ಜೀವ ಹೋಗುತ್ತದೆ.

ಪಾಶ್ಚಾತ್ಯ ಡ್ರಮ್ಮಿನ ಬರಿಯ ತೊಗಲಿನಲ್ಲಿ ಮೇಲಿನ ಕಂಪನಗಳು ಮೂಲ ಕಂಪನದ ಸರಿಯಾದ ಗುಣಕಗಳಾಗಿರುವುದಿಲ್ಲ. ಹಾಗಾಗಿ ಅಲ್ಲಿ ರಿಂಗ್ ಅಪಸ್ವರ. ನಮ್ಮ ತಬಲಾ, ಮೃದಂಗ ಹಾಗಲ್ಲ. ನಡುವೆ ಮೆತ್ತಿದ ಕಪ್ಪು ಕರಣೆಯ ಭಾರದಿಂದ ಮೇಲಿನ ಕಂಪನಗಳು ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತವೆ. ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ ಇದನ್ನು 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ರಾಮನ್ ಬೆಂಗಳೂರಿಗೆ ಬಂದ ಮೇಲೂ ಈ ಅಧ್ಯಯನ ಮುಂದುವರಿಸಿದರು. ತೊಗಲಿನ ವಾದ್ಯ ಶ್ರುತಿಗೆ ಕೂಡಿಕೊಂಡು ಹಾಡಲು ಸಾಧ್ಯವಾದದ್ದು ಈ ಕರಣೆಯಿಂದ. ನೀವು ಕಂಡ ಆ ಶಿಖರ ಷಡ್ಜ. ಅದನ್ನು ಕೀಳಬೇಡಿ.

ಹಾಗಾದರೆ ಆ ಮೊಳಗು ಯಾಕೆ ಕಾಡುತ್ತಿದೆ? ಮೊದಲು ಶ್ರುತಿ ನೋಡಿ. ತಂಬೂರಿ ಮತ್ತು ತಬಲಾ ಎರಡನ್ನೇ ಹಾಕಿ ಕೇಳಿ. ಅಲೆ ಅಲೆಯಾಗಿ ಏರಿಳಿತ ಕೇಳಿಸಿದರೆ ತಬಲಾ ಸ್ವಲ್ಪ ಇಳಿದಿದೆ ಅಥವಾ ಏರಿದೆ. ರೆಕಾರ್ಡಿಂಗ್ ಉದ್ದವಾಗಿದ್ದರೆ ನಡುವೆ ಇಳಿಯುವುದು ಸಹಜ. ಪಿಚ್ ಶಿಫ್ಟರ್‌ನಲ್ಲಿ ಕೆಲವೇ ಸೆಂಟ್‌ಗಳಷ್ಟು (ಅಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್) ಸರಿಸಿ ಕೂಡಿಸಿದರೆ ಕಾಡುತ್ತಿದ್ದ ಮೊಳಗು ಹಾಡಿನೊಳಗೆ ಕರಗುತ್ತದೆ. ಈಕ್ಯೂ ಮುಟ್ಟಬೇಕಾಗಿಯೇ ಬರುವುದಿಲ್ಲ.

ಶ್ರುತಿ ಸರಿ ಇದ್ದೂ ತಬಲಾ ಡಬ್ಬ ಬಡಿದಂತೆ ಕೇಳಿಸಿದರೆ 400–600ರ ಸುತ್ತ ನೋಡಿ. ಬೆರಳಿನ ಪೆಟ್ಟು ಮೊಂಡಾಗಿದ್ದರೆ 4000–5000ದ ಹತ್ತಿರ 2 ಡೆಸಿಬಲ್ ಕೊಡಿ. ಅಷ್ಟು ಕೊಟ್ಟ ಮೇಲೆ ಮತ್ತೆ ಮಾತು ಕೇಳಿ. ನಾ ನಾ ಅನ್ನುವ ಕಿನಾರಿನ ಪೆಟ್ಟುಗಳು ವ್ಯಂಜನಗಳ ಮೇಲೆ ಬೀಳುತ್ತಿದ್ದರೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಿ.

ದೂರು: ಕೊಳಲು ಕಿವಿ ಚುಚ್ಚುತ್ತದೆ

ಎಲ್ಲ ಸ್ವರಗಳೂ ಚುಚ್ಚುತ್ತವೆಯೇ, ಮೇಲಿನ ಕೆಲವೇ? ಹೆಚ್ಚಾಗಿ ಕೆಲವೇ. ಕೊಳಲು ಮೇಲಿನ ಸ್ಥಾಯಿಗೆ ಹೋದಾಗ ಮೂಲ ಸ್ವರವೇ 1000 ದಾಟುತ್ತದೆ. ಅದರ ಎರಡರಷ್ಟು, ಮೂರರಷ್ಟು ಬಂದು ಬೀಳುವುದು 2000–4000ದಲ್ಲಿ, ಕಿವಿ ತುಂಬಾ ಸೂಕ್ಷ್ಮವಾಗಿರುವ ಜಾಗದಲ್ಲಿ. ಅಲ್ಲಿ ಶಾಶ್ವತವಾಗಿ ಕತ್ತರಿಸಿದರೆ ಕೆಳಗಿನ ಸ್ವರಗಳು ಮಂಕಾಗುತ್ತವೆ. ಆ ಸ್ವರಗಳು ಬಂದಾಗ ಫೇಡರನ್ನೇ ಆಟೋಮೇಷನ್‌ನಲ್ಲಿ 2 ಡೆಸಿಬಲ್ ಇಳಿಸಿ. ನನ್ನ ಮೊದಲ ಆಯ್ಕೆ ಇದೇ. ಊದುವ ಗಾಳಿಯ ಸದ್ದು ಬೇರೆ ವಿಷಯ. ಅದು 5000ದ ಮೇಲೆ ಹರಡಿರುತ್ತದೆ, ಪೂರ್ತಿ ತೆಗೆದರೆ ಕೊಳಲು ಕೀಬೋರ್ಡಿನ ಕೊಳಲಾಗುತ್ತದೆ. ಸ್ವಲ್ಪ ಗಾಳಿ ಇರಲಿ.

ತಂಬೂರಿ

ತಂಬೂರಿಗೆ ಹೆಚ್ಚು ಕೆಲಸ ಇಲ್ಲ. ಒಂದೇ ಎಚ್ಚರ. ಎಲೆಕ್ಟ್ರಾನಿಕ್ ತಂಬೂರಿಯನ್ನು ಕೇಬಲ್ ಹಾಕಿ ನೇರವಾಗಿ ತೆಗೆದುಕೊಂಡಿದ್ದರೆ ಮಂದ್ರ ಷಡ್ಜದ ತಂತಿ, ಕಪ್ಪು ಒಂದರಲ್ಲಿ 69 ಹರ್ಟ್ಜ್, ಪೂರ್ತಿ ಬಲದಲ್ಲಿ ಬಂದಿರುತ್ತದೆ. ಅದು ಡಗ್ಗಾದ ಜಾಗ. 150ರಲ್ಲಿ ಹೈಪಾಸ್ ಹಾಕಿದರೂ ತಂಬೂರಿ ತಂಬೂರಿಯಾಗಿಯೇ ಇರುತ್ತದೆ. ಅದರ ಸೊಗಸೆಲ್ಲ ಜವಾರಿಯಿಂದ (ತಂತಿ ಕುದುರೆಗೆ ಸವರಿ ಬರುವ ಝೇಂಕಾರದಿಂದ) ಏಳುವ ಮೇಲಿನ ಕಂಪನಗಳಲ್ಲಿದೆ.

ಈಕ್ಯೂನಿಂದ ಹೋಗದ ದೋಷಗಳು

ಇವನ್ನು ಗುರುತಿಸದೆ ಗಂಟೆಗಟ್ಟಲೆ ಗುಂಡಿ ತಿರುಗಿಸುವವರಿದ್ದಾರೆ.

ಕರೆಂಟಿನ ಗುಂಯ್‌ಗುಟ್ಟುವಿಕೆ. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ ಸದ್ದು 50, 100, 150ರಲ್ಲಿ ಬರುತ್ತದೆ. ಕಿರಿದಾಗಿ ಕತ್ತರಿಸಿದರೆ ಆಯಿತಲ್ಲ ಅನ್ನಬಹುದು. ಆದರೆ ಕಪ್ಪು ಒಂದರ ಮಂದ್ರ ಪಂಚಮ 104ರಲ್ಲಿದೆ, 100ಕ್ಕೆ ತಾಗಿಕೊಂಡೇ. ಶುದ್ಧ ರಿಷಭ (ಹಿಂದೂಸ್ತಾನಿಯ ಕೋಮಲ ರಿಷಭ) 148ರ ಹತ್ತಿರ, 150ರ ಪಕ್ಕದಲ್ಲೇ. ಕತ್ತರಿ ಸ್ವಲ್ಪ ಅಗಲವಾದರೂ ಈ ಸ್ವರಗಳು ಸೊರಗುತ್ತವೆ. ಕತ್ತರಿಸಲೇಬೇಕಾದರೆ ತೀರ ಕಿರಿದಾಗಿ ಮಾಡಿ. ಅದಕ್ಕಿಂತ ರೆಕಾರ್ಡ್ ಮಾಡುವ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು.

ಟೊಳ್ಳು ದನಿ. ಎರಡು ಮೈಕಿಗೆ ಒಂದೇ ಶಬ್ದ ಹೋಗಿ, ಎರಡರ ದೂರದಲ್ಲಿ 34 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಒಂದು ಶಬ್ದ ಸುಮಾರು 1 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎರಡನ್ನೂ ಸೇರಿಸಿದಾಗ 500, 1500, 2500 ಹೀಗೆ ಸಾಲಾಗಿ ಹಳ್ಳ ಬೀಳುತ್ತವೆ. ಒಂದೇ ಕೋಣೆಯಲ್ಲಿ ಹಾಡುಗಾರ ಮತ್ತು ತಬಲಾ ಕೂತು ರೆಕಾರ್ಡ್ ಮಾಡಿದಾಗ ಇದು ಸಾಮಾನ್ಯ. ಆ ಹಳ್ಳವನ್ನು ಈಕ್ಯೂನಿಂದ ಏರಿಸಿದರೆ ಏನೂ ಸಿಗುವುದಿಲ್ಲ, ಅಲ್ಲಿ ಏರಿಸಲು ಶಬ್ದವೇ ಉಳಿದಿಲ್ಲ. ಪತ್ತೆ: ತಬಲಾದ ಮೈಕನ್ನು ಮ್ಯೂಟ್ ಮಾಡಿದಾಗ ಹಾಡಿನ ದನಿಯ ಬಣ್ಣ ಬದಲಾಗುತ್ತದೆಯೇ? ಬದಲಾದರೆ ಇದೇ. ಒಂದು ಟ್ರ್ಯಾಕನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ, ಪೊಲಾರಿಟಿ (ಅಲೆಯ ಮೇಲು ಕೆಳಗು) ತಿರುಗಿಸಿ ನೋಡಿ.

ಸ ಮತ್ತು ಶ ಸೀಳುವುದು. ಸ ಹೆಚ್ಚಾಗಿ 5000ದಿಂದ 9000 ತನಕ, ಶ ಅದಕ್ಕಿಂತ ಕೆಳಗೆ. ಇದಕ್ಕೆ ಡಿ-ಎಸ್ಸರ್ ಇದೆ, ಆ ಸದ್ದು ಬಂದಾಗ ಮಾತ್ರ ತಗ್ಗಿಸುವ ಪ್ಲಗಿನ್. ಈಕ್ಯೂನಿಂದ ಕತ್ತರಿಸಿದರೆ ಇಡೀ ಹಾಡು ಕಂಬಳಿ ಹೊದ್ದುಕೊಳ್ಳುತ್ತದೆ.

ರಿವರ್ಬ್. ಭಾವಗೀತೆ ಅಂದರೆ ರಿವರ್ಬ್ ಸುರಿಯುವ ರೂಢಿ ಇದೆ. ಎಲ್ಲ ವಾದ್ಯಗಳನ್ನೂ ಚೊಕ್ಕಟ ಮಾಡಿದ ಮೇಲೂ ಮಸುಕಿದ್ದರೆ ರಿವರ್ಬ್ ಚಾನೆಲ್ ಮ್ಯೂಟ್ ಮಾಡಿ ನೋಡಿ. ಆ ಚಾನೆಲ್ಲಿಗೇ ಒಂದು ಈಕ್ಯೂ ಹಾಕಿ, 300ರ ಕೆಳಗೆ ಮತ್ತು 6000ದ ಮೇಲೆ ಕತ್ತರಿಸಿದರೆ ಬಾಲ ಉಳಿಯುತ್ತದೆ, ಮಸುಕು ಹೋಗುತ್ತದೆ.

ಕೊನೆಯ ಪರೀಕ್ಷೆ: ಫೋನಿನಲ್ಲಿ ಡಗ್ಗಾ ಮಾಯ

ನಿಮ್ಮ ಹಾಡನ್ನು ಬಹಳ ಜನ ಫೋನಿನ ಸ್ಪೀಕರಿನಲ್ಲೇ ಕೇಳುತ್ತಾರೆ. ಅಂಥ ಪುಟ್ಟ ಸ್ಪೀಕರಿನಲ್ಲಿ 200ರ ಕೆಳಗೆ ಹೆಚ್ಚೇನೂ ಬರುವುದಿಲ್ಲ. ಡಗ್ಗಾದ ಮೂಲ ನಾದ ಪೂರ್ತಿ ಕಾಣೆ. ಅದನ್ನು ಕೇಳಿ ಗಾಬರಿಯಾಗಿ 80 ಹರ್ಟ್ಜ್ ಏರಿಸಿದರೆ ಫೋನಿನಲ್ಲಿ ಏನೂ ಬದಲಾಗುವುದಿಲ್ಲ. ಕಾರಿನಲ್ಲಿ ಮಾತ್ರ ಬಾಗಿಲು ನಡುಗುತ್ತದೆ.

ಇಲ್ಲಿ ಕಿವಿಯೇ ಸಹಾಯಕ್ಕೆ ಬರುತ್ತದೆ. ಮೂಲ ಕಂಪನ ಇಲ್ಲದಿದ್ದರೂ ಅದರ ಗುಣಕಗಳು ಕೇಳಿಸಿದರೆ ಮೂಲವನ್ನು ಕಿವಿ ತಾನೇ ತುಂಬಿಸಿಕೊಳ್ಳುತ್ತದೆ. ಹಾಗಾಗಿ ಡಗ್ಗಾಗೆ 250ರಿಂದ 500ರ ನಡುವೆ ಒಂದೆರಡು ಡೆಸಿಬಲ್ ಕೊಡಿ. ಇಲ್ಲವೇ ಟ್ರ್ಯಾಕಿನ ಒಂದು ನಕಲಿಗೆ ಮೆಲುವಾದ ಸ್ಯಾಚುರೇಷನ್ (ಹೊಸ ಗುಣಕಗಳನ್ನು ಹುಟ್ಟಿಸುವ ಪರಿಣಾಮ) ಹಾಕಿ, 200ರ ಕೆಳಗೆ ಕತ್ತರಿಸಿ, ಮೂಲದ ಅಡಿಯಲ್ಲಿ ಸೇರಿಸಿ. ಕೊಡುವ ಮುಂಚೆ ಆ ಜಾಗದಲ್ಲಿ ದನಿಯ ಕೆಳಭಾಗ, ಹಾರ್ಮೋನಿಯಂ ಇವೆ ಅನ್ನುವುದು ನೆನಪಿರಲಿ. ಕೊಟ್ಟ ಮೇಲೆ ಆ ಲೂಪ್ ಹಾಕಿದ ಸಾಲನ್ನು ಫೋನಿನಲ್ಲಿ ಇನ್ನೊಮ್ಮೆ ಕೇಳಿ. ಈ ಸಲ ಕೇಳಿ ಬರೆಯುವವರು ಬೇರೆಯವರಾಗಿರಲಿ. ಮೊದಲು ಬರೆದವರಿಗೆ ಸಾಹಿತ್ಯ ಆಗಲೇ ಗೊತ್ತಾಗಿರುತ್ತದೆ.